ಇಪ್ಪತ್ನಾಲ್ಕು ಮೊಳದ ಮನೆ

ಪ್ಲೇಗಿಗೆ ಊರು ಬಿಟ್ಟು ಹದಿನೈದು ತಿಂಗಳಾಗಿತ್ತು. ಯುಗಾದಿಯ ಮೂರನೆಯ ದಿನ ಸಕ್ರವ್ವ ಒಂದು ಮೊರದ ತುಂಬ ಒಲೆಯ ಬೂದಿ ತುಂಬಿಕೊಂಡು ಗುಳೇದಗುಡ್ಡದ ತನ್ನ ಹಳೆಯ ಮನೆಯ ಜಾಗಕ್ಕೆ ಬಂದಳು. ಹಿಂದೆ ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರು. ಮನೆ ಅನ್ನುವಂಥದ್ದು ಅಲ್ಲಿ ಉಳಿದಿರಲಿಲ್ಲ. ಬೇನೆಯ ಕಾಲದಲ್ಲಿ ಸರಕಾರದ ಮಂದಿ ಒಳಗೆ ಬಿಸಿಲು ಬೀಳಲೆಂದು ಮಾಳಿಗೆ ಒಡೆಸಿದ್ದರು. ಆಮೇಲಿನ ಮಳೆಗಾಲ ಮಣ್ಣಿನ ಗೋಡೆಗಳನ್ನು ಮೊಳಕಾಲೆತ್ತರಕ್ಕೆ ಕರಗಿಸಿತ್ತು. ಬುನಾದಿಯ ಕೆಂಪು ಕಲ್ಲುಗಳು ಮಾತ್ರ ಇದ್ದಲ್ಲೇ ಇದ್ದವು.

ಅಂದಿನಿಂದ ಅವರೆಲ್ಲ ಗುಡ್ಡದ ಕೆಳಗಿನ ಜೋಪಡಿಯಲ್ಲೇ ಇದ್ದರು. ಹಿರಿಯ ಮಗ ಮುದಕಪ್ಪ, ಅವನ ಹೆಂಡತಿ ಶಾರವ್ವ, ಅವರ ಎರಡು ಹೆಣ್ಣುಮಕ್ಕಳು, ಕಿರಿಯ ಮಗ ಗಾಳೆಪ್ಪ, ಅವನು ಹೋದ ವೈಶಾಖದಲ್ಲಿ ಮದುವೆಯಾಗಿ ತಂದ ರೇಣವ್ವ. ಇಷ್ಟೂ ಜನರ ನಡುವೆ ಖಣ ನೇಯುವ ಎರಡು ಮಗ್ಗ, ಒಂದು ಒಲೆ. ಆ ಒಂದು ಒಲೆಯ ಮುಂದೆ ಜಗಳವಾಗದ ದಿನವಿರಲಿಲ್ಲ. ಈಗ ರೇಣವ್ವನಿಗೆ ಐದು ತಿಂಗಳು ತುಂಬಿತ್ತು. ಮಳೆ ಹಿಡಿಯುವುದರೊಳಗೆ ಮನೆ ಎಬ್ಬಿಸಬೇಕೆಂದು ಎಲ್ಲರೂ ಒಪ್ಪಿದ್ದರು.

"ಎರಡು ಬಾಗಲಾ, ಎರಡು ಒಲಿ. ಇದು ಮೊದಲ ಮಾತು," ಅಂದಳು ಶಾರವ್ವ.

"ಒಲಿ ಎರಡಿರ್ಲಿ. ಪಡಸಾಲಿ ಒಂದ," ಅಂದಳು ಸಕ್ರವ್ವ. "ನಾಕು ಮಗ್ಗ ಅಲ್ಲೆ ಕೂಡ್ತಾವು. ಎಡಕ್ಕ ಮುದಕಪ್ಪಂದು ನಡಮನಿ, ಅಡಗಿಮನಿ. ಬಲಕ್ಕ ಗಾಳೆಪ್ಪಂದು. ಎರಡರ ನಡುವ ನನಗೊಂದು ಸಣ್ಣ ಕೋಣಿ. ಆ ಕಡೆ ಒಂದು ಬಾಗಲಾ, ಈ ಕಡೆ ಒಂದು. ಯಾರು ಕರದ್ರ ಅವರ ಕಡೆ ಹೋಗ್ತೇನಿ."

"ಯಾರೂ ಕರೀಲಿಲ್ಲಂದ್ರ?" ಅಂದ ಗಾಳೆಪ್ಪ ನಗುತ್ತ.

"ಕೋಣ್ಯಾಗ ಕೂಡ್ತೇನಿ."

ಮುದುಕಿ ಬಗ್ಗಿ ಬೂದಿಯ ಗೆರೆ ಎಳೆಯುತ್ತ ಹೋದಳು. ಪಡಸಾಲೆಯಾಯಿತು, ನಡುಮನೆಗಳಾದವು, ಅಡಿಗೆಮನೆಗಳಾದವು. ಗೆರೆ ನೆಟ್ಟಗಿತ್ತು. ಹಿಂದಿನ ಬಲಮೂಲೆಗೆ ಬಂದಾಗ ಮಾತ್ರ ಅವಳು ಸೊಂಟ ನೇರ ಮಾಡಿ, ನಾಲ್ಕು ಹೆಜ್ಜೆ ಸುತ್ತು ಹಾಕಿ, ಆ ಕಡೆಯಿಂದ ಗೆರೆ ಮುಂದುವರಿಸಿದಳು. ಆ ಮೂಲೆಯ ನೆಲವನ್ನು ತುಳಿಯಲಿಲ್ಲ.

"ಅತ್ತಿ, ಈ ಮೂಲಿ ಬಿಟ್ರಿ," ಅಂದಳು ರೇಣವ್ವ.

"ಇರ್ಲಿ ಬಿಡು."

"ಇರ್ಲಿ ಅಂದ್ರ ಹ್ಯಾಂಗ? ನಮ್ಮ ಪಾಲಿಗಿ ಬರೂದು ಅದು. ಬಾಣಂತಿ ಕೋಣಿ ಅಲ್ಲೆ ಆಗ್ಬೇಕು. ಗಾಳಿ ಹೊಡಿಯೂದಿಲ್ಲ."

ಮುದಕಪ್ಪ ಗುಡ್ಡದ ಕಡೆ ನೋಡಿದ. ಗಾಳೆಪ್ಪ ನೆಟ್ಟಗೇ ಇದ್ದ ಒಂದು ಗೂಟವನ್ನು ಮತ್ತೆ ನೆಟ್ಟಗೆ ಮಾಡತೊಡಗಿದ. ಶಾರವ್ವ, "ಹೊತ್ತಾತು, ಹಿಟ್ಟು ನಾದಬೇಕು," ಎಂದು ಜೋಪಡಿಯ ದಾರಿ ಹಿಡಿದಳು. ಮೊರದಲ್ಲಿ ಉಳಿದ ಬೂದಿಯಿಂದ ರೇಣವ್ವ ತಾನೇ ಆ ಮೂಲೆಯ ಸುತ್ತ ಗೆರೆ ಎಳೆದಳು.

ಮರುದಿನ ಮುಂಜಾನೆ ರೇಣವ್ವ ಹೋಗಿ ನೋಡಿದಾಗ ಗೆರೆಗಳೆಲ್ಲ ಹಾಗೇ ಇದ್ದವು. ಆ ಮೂಲೆಯ ಸುತ್ತಲಿನ ಗೆರೆ ಮಾತ್ರ ಇರಲಿಲ್ಲ. ಗಾಳಿಗೆ ಹಾರಿತೆನ್ನಲು ಪಕ್ಕದ ಗೆರೆ ಒಂದು ಕಣವೂ ಕದಲಿರಲಿಲ್ಲ. ಅವಳು ಜೋಪಡಿಯಿಂದ ಬೂದಿ ತಂದು ಮತ್ತೆ ಎಳೆದಳು. ಮೂರನೆಯ ದಿನವೂ ಅದು ಇರಲಿಲ್ಲ.

*

ಸಕ್ರವ್ವ ರೊಟ್ಟಿ ಬಡಿದರೆ ಯಾವಾಗಲೂ ಒಂದು ಹೆಚ್ಚು. ಅದರ ಮೇಲೆ ಒಂದು ಮುದ್ದೆ ಝುಣಕಾ ಇಟ್ಟು, ಪಕ್ಕದಲ್ಲಿ ಒಂದು ಚಂಬು ನೀರಿಟ್ಟು ಗೂಡಿನಲ್ಲಿ ಮುಚ್ಚಿಡುವಳು. ಮರುದಿನ ಅದನ್ನು ಒಯ್ದು ಬನ್ನಿಗಿಡದ ಕೆಳಗಿಡುವಳು. ಕೇರಿಯ ನಾಯಿ ಬಂದು ಮೂಸುತ್ತಿತ್ತು, ತಿನ್ನುತ್ತಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ರೇಣವ್ವ ಇದು ಈ ಮನೆಯ ಪದ್ಧತಿ ಅಂದುಕೊಂಡಿದ್ದಳು.

ಒಂದು ಮಧ್ಯಾಹ್ನ ಅವಳಿಗೆ ಹಸಿವು ತಡೆಯಲಿಲ್ಲ. ತನ್ನ ಪಾಲಿನದು ಮುಗಿಸಿ, ಗೂಡಿಗೆ ಕೈಹಾಕಿ ಆ ರೊಟ್ಟಿ ಮುರಿದಳು. ಶಾರವ್ವ ಮಗ್ಗದ ಕಡೆಯಿಂದ ಓಡಿಬಂದು ಅವಳ ಮಣಿಕಟ್ಟು ಹಿಡಿದಳು.

"ಅದನ್ನ ಬಿಡು."

"ಹೊಟ್ಟ್ಯಾಗಿಂದು ಬೇಡತೈತಿ ಯಕ್ಕಾ. ನಾಯಿ ಒಲ್ಲೆ ಅಂದ ರೊಟ್ಟಿ ನಾ ತಿಂದ್ರ ಏನಾತು?"

"ಅದು ನಿಂದಲ್ಲ."

"ಮತ್ತ ಯಾರ್ದು?"

ಶಾರವ್ವನ ಬೆರಳುಗಳು ತಣ್ಣಗಿದ್ದವು. ಅವಳು ತಾನು ಇನ್ನೂ ಉಂಡಿರದ ತನ್ನ ರೊಟ್ಟಿಯನ್ನು ತಂದು ರೇಣವ್ವನ ಉಡಿಯಲ್ಲಿ ಹಾಕಿ, ಮುರಿದ ರೊಟ್ಟಿಯ ಎರಡು ಚೂರನ್ನೂ ಕೂಡಿಸಿ ಗೂಡಿನಲ್ಲಿಟ್ಟಳು. ಆ ದಿನ ಅವಳು ನೀರು ಕುಡಿದು ಮಗ್ಗಕ್ಕೆ ಕೂತಳು.

ಸಂಜೆ ಗಾಳೆಪ್ಪ ಕೈಕಾಲು ತೊಳೆಯುವಾಗ ರೇಣವ್ವ ಕೇಳಿದಳು: "ಆ ರೊಟ್ಟಿ ಬಾಳವ್ವಕ್ಕಂದೇನು?"

ಬಾಳವ್ವ ಅಂದರೆ ಗಾಳೆಪ್ಪನ ನಡುವಿನ ಅಣ್ಣನ ಹೆಂಡತಿ. ಆ ಅಣ್ಣ ಎಂದೋ ಜ್ವರದಿಂದ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಗಂಡ ಹೋದ ಮೇಲೆ ಬಾಳವ್ವ ತವರಾದ ಕುಳಗೇರಿಗೆ ಹೋಗದೆ ಅವನ ಮಗ್ಗಕ್ಕೆ ತಾನೇ ಕೂತಳಂತೆ. ಪ್ಲೇಗಿನಲ್ಲಿ ಅವಳಿಗೆ ಗಡ್ಡೆ ಎದ್ದಿತಂತೆ, ಸರಕಾರದ ಗಾಡಿ ಬಂದು ಊರ ಹೊರಗಿನ ರೋಗಿಗಳ ಚಪ್ಪರಕ್ಕೆ ಒಯ್ದಿತಂತೆ, ಅಲ್ಲೇ ತೀರಿ ಅಲ್ಲೇ ಮಣ್ಣಾದಳಂತೆ. ಮದುವೆಯಾದಾಗ ಗಾಳೆಪ್ಪ ಹೇಳಿದ್ದು ಇಷ್ಟು.

"ಯವ್ವಗ ಆಕಿ ಮ್ಯಾಲೆ ಭಾಳ ಜೀವಿತ್ತು," ಅಂದ ಗಾಳೆಪ್ಪ. ತೊಳೆದ ಕೈಯನ್ನೇ ಮತ್ತೆ ತೊಳೆದ.

*

ಚೈತ್ರದ ಹುಣ್ಣಿಮೆಗೆ ಮೊದಲು ಮನೆ ಕಟ್ಟುವ ಗವಂಡಿ ಬಂಡೆಪ್ಪ, ಆಯ ನೋಡುವ ಸಂಗಯ್ಯನವರು ಇಬ್ಬರೂ ಬಂದರು. ಮನೆಯ ಯಜಮಾನನ ಮೊಳದಿಂದ ಉದ್ದ ಅಗಲ ಅಳೆದು, ಗುಣಿಸಿ, ಎಂಟರಿಂದ ಭಾಗಿಸಿದರೆ ಉಳಿದದ್ದು ಮನೆಯ ಆಯ. ಬಂಡೆಪ್ಪ ಮುದಕಪ್ಪನ ಮೊಣಕೈಯಿಂದ ನಡುಬೆರಳ ತುದಿಯತನಕ ಒಂದು ಬಿದಿರುಕೋಲು ಕತ್ತರಿಸಿದ. ಮುಂದಿನ ಬುನಾದಿ ಕಲ್ಲಿನಿಂದ ಹಿಂದಿನ ಕಲ್ಲಿಗೆ ಕೋಲು ಹಾಕುತ್ತ ಗಟ್ಟಿಯಾಗಿ ಎಣಿಸಿದ.

"ಇಪ್ಪತ್ನಾಕು."

"ಅಲ್ಲ, ಇಪ್ಪತ್ಮೂರು," ಅಂದ ಮುದಕಪ್ಪ. "ನಮ್ಮಪ್ಪ ಅಳದಾಗ ಇಪ್ಪತ್ಮೂರಿತ್ತು. ಅಪ್ಪನ ಕೈ, ನನ್ನ ಕೈ ಒಂದ ಅಳತಿ."

ಬಂಡೆಪ್ಪ ಮತ್ತೆ ಅಳೆದ. ಇಪ್ಪತ್ನಾಲ್ಕು. ಕಲ್ಲು ಕದಲಿರಲಿಲ್ಲ. ಅದರ ಬುಡದ ಹುಲ್ಲು ಹಳೆಯದಾಗಿತ್ತು.

ಸಂಗಯ್ಯ ಬೆರಳು ಮಡಿಸಿದರು. "ಎಂಟ ಮೂರಲೆ ಇಪ್ಪತ್ನಾಕು. ಅಗಲ ಎಷ್ಟರ ಇಟಗೋ, ಉಳಿಯೂದು ಸೊನ್ನಿ. ಕಾಗಿ ಆಯ. ಇದರಾಗ ಕಟ್ಟಿದ್ರ ಹಿಡಿ ಕೂಳಿಗಿ ಬಾಗಲಾ ನೋಡಕೋತ ಕೂಡೂದ ಆಗತೈತಿ. ಎರಡು ಸಂಸಾರದ ಮನಿ ಅಂತೀರಿ, ತಮ್ಮನ ಕೈಲೆ ನೋಡೂನು."

ಗಾಳೆಪ್ಪನ ಕೋಲು ಅಣ್ಣನದಕ್ಕಿಂತ ಎರಡು ಬೆರಳು ಗಿಡ್ಡ. ಬಂಡೆಪ್ಪ ಎರಡನ್ನೂ ಜೋಡಿಸಿ ಎಲ್ಲರಿಗೂ ತೋರಿಸಿದ. ಗಿಡ್ಡ ಕೋಲಿಗೆ ಎಣಿಕೆ ಹೆಚ್ಚಾಗಬೇಕು. ಅವನು ಎಣಿಸುತ್ತ ಹೋದ. ರೇಣವ್ವ ಮನಸ್ಸಿನಲ್ಲೇ ಜೊತೆಗೆ ಎಣಿಸಿದಳು. ಹಿಂದಿನ ಕಲ್ಲಿಗೆ ಕೋಲು ಮುಟ್ಟಿದಾಗ ಇಪ್ಪತ್ನಾಲ್ಕು.

ಬಂಡೆಪ್ಪ ನಕ್ಕ. ಆಮೇಲೆ ನಗು ನಿಲ್ಲಿಸಿ ಮತ್ತೆ ಅಳೆದ. ಇಪ್ಪತ್ನಾಲ್ಕು.

"ನಲವತ್ತು ಮನಿ ಕಟ್ಟೇನಿ," ಅಂದ ಅವನು, ಯಾರಿಗೂ ಅಲ್ಲದೆ.

ಸಂಗಯ್ಯ ಸಕ್ರವ್ವನ ಕೈ ಕೇಳಿದರು. ಮುದುಕಿಯ ಕೋಲು ಇನ್ನೂ ಗಿಡ್ಡ. ಇಪ್ಪತ್ನಾಲ್ಕು. ಶಾರವ್ವ ಕೈ ಸೆರಗಿನೊಳಗೆ ಮುಚ್ಚಿಕೊಂಡಳು. "ಹೆಣಮಕ್ಕಳ ಕೈಲೆ ಯಾರಾದ್ರೂ ಅಳೀತಾರೇನ್ರಿ ಅಜ್ಜಾರ," ಅಂದಳು. ಸಂಗಯ್ಯ ಕೈ ನೀಡಿಯೇ ನಿಂತರು. ಅವಳದೂ ಇಪ್ಪತ್ನಾಲ್ಕು.

ಕೊನೆಗೆ ರೇಣವ್ವ ತಾನಾಗಿ ಕೈ ಮುಂದೆ ಮಾಡಿದಳು. ಬಂಡೆಪ್ಪನ ದನಿ ಇಪ್ಪತ್ನಾಲ್ಕಕ್ಕೆ ಬಂದಾಗ ಸಣ್ಣದಾಯಿತು. ಕಲ್ಲು ಇನ್ನೂ ದೂರವಿತ್ತು. "ಇಪ್ಪತ್ತೈದು. ಇಪ್ಪತ್ತಾರು. ಇಪ್ಪತ್ತೇಳು, ಮ್ಯಾಲೆ ನಾಕು ಬೆರಳು." ಅವನು ಹಣೆ ಒರೆಸಿಕೊಂಡ. "ಇದು ಸರಿ ಬಂತು. ಈ ಕೈಗೆ ಇಷ್ಟ ಬರಬೇಕು."

ಐದೂ ಕೋಲುಗಳನ್ನು ಸಂಗಯ್ಯ ಉದ್ದದ ಕ್ರಮದಲ್ಲಿ ನೆಲದ ಮೇಲಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಜೋಳಿಗೆ ಹೆಗಲಿಗೇರಿಸಿದರು. ಸಕ್ರವ್ವ ಕೊಟ್ಟ ಅಕ್ಕಿಬೇಳೆಯ ತಟ್ಟೆ ಮುಟ್ಟಲಿಲ್ಲ.

"ಈ ಕೂಸು ಬರೂಕಿಂತ ಮೊದಲ ಇಲ್ಲೆ ಏನಾಗೇತಿ ನನಗ ಗೊತ್ತಿಲ್ಲ," ಅಂದರು ರೇಣವ್ವನ ಕಡೆ ಕೈ ತೋರಿಸಿ. "ನಿಮಗ ನಾಕೂ ಮಂದಿಗಿ ಗೊತ್ತೈತಿ. ಅದನ್ನ ಮೊದಲ ತಗೀರಿ. ಆಮ್ಯಾಲೆ ನನ್ನ ಕರೀರಿ."

ಅವರು ಹೋದ ಮೇಲೆ ಬಂಡೆಪ್ಪ ತಲೆ ಕೆರೆದುಕೊಂಡ. "ಬುನಾದಿ ಹೊಸದಾಗಿ ತೋಡೂದೇನು?"

"ತೋಡು," ಅಂದ ಮುದಕಪ್ಪ. "ಮುಂದಿಂದ ಸುರು ಮಾಡು. ಹಿಂದಿಂದು ಆಮ್ಯಾಲೆ ನೋಡೂನು."

*

ಹದಿನೈದು ದಿನ ಮುಂದಿನ ಬುನಾದಿಯ ಕೆಲಸ ನಡೆಯಿತು. ಆಳುಗಳಿಗೆ ಮಧ್ಯಾಹ್ನದ ಬುತ್ತಿ ಒಯ್ಯುವುದು ರೇಣವ್ವನ ಪಾಳಿ. ಅವರು ಬೇವಿನ ನೆರಳಿಗೆ ಉಣ್ಣಲು ಹೋದಾಗ ಅವಳು ಕರಗಿದ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಓಣಿಯಲ್ಲಿ ಅರ್ಧಕ್ಕರ್ಧ ಮನೆಗಳು ಇನ್ನೂ ಹಾಳುಬಿದ್ದಿದ್ದವು. ಆ ಹೊತ್ತಿನಲ್ಲಿ ಹಕ್ಕಿಯ ದನಿಯೂ ಇರುತ್ತಿರಲಿಲ್ಲ.

ಒಂದು ದಿನ ಅವಳ ಅಂಗಾಲಿಗೆ ಏನೋ ತಾಕಿತು. ಸಪ್ಪಳ ಅನ್ನಲಿಕ್ಕಾಗದು. ನೆಲದೊಳಗೆ ಯಾರೋ ಹಲಗೆಯನ್ನು ಕಾಲಿನಿಂದ ತುಳಿದಂತೆ ಒಂದು ಅದುರು. ನಿಂತಿತು. ಮತ್ತೊಂದು. ನೇಕಾರರ ಮನೆಯ ಹೆಣ್ಣಿಗೆ ಅದು ತಿಳಿಯದ್ದಲ್ಲ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲಿಳಿಸಿ ಕೂತು ಮಗ್ಗದ ಹಲಗೆ ತುಳಿದರೆ ಮನೆಯ ನೆಲಕ್ಕೆಲ್ಲ ಹಾಗೇ ತಾಕುತ್ತದೆ. ಆದರೆ ಮಗ್ಗದ ತುಳಿತಕ್ಕೆ ಒಂದು ಲಯವಿರುತ್ತದೆ. ಇದಕ್ಕೆ ಇರಲಿಲ್ಲ. ಮೂರು ಸಲ ಬೇಗಬೇಗ, ಆಮೇಲೆ ಬಹಳ ಹೊತ್ತು ಏನೂ ಇಲ್ಲ, ಮತ್ತೆ ಒಂದು. ಅದು ನಿಂತ ಕೂಡಲೇ ಹೊಟ್ಟೆಯ ಕೂಸು ಒಳಗಿನಿಂದ ಒದೆಯಿತು. ಕೆಳಗಿಂದ ಒಂದು, ಹೊಟ್ಟೆಯಿಂದ ಒಂದು.

ರೇಣವ್ವ ಎದ್ದು, ಬುತ್ತಿಯ ಬುಟ್ಟಿಯನ್ನೂ ಅಲ್ಲೇ ಬಿಟ್ಟು, ಎದುರಿನ ಜುಲೇಖಾಬಿಯ ಮನೆಗೆ ಹೋದಳು. ಜುಲೇಖಾಬಿ ಓಣಿಯ ಸೂಲಗಿತ್ತಿ. ರೇಣವ್ವನ ಮುಖ ನೋಡಿ ಏನೂ ಕೇಳದೆ ಚಾಪೆ ಹಾಸಿ, ಹರಳೆಣ್ಣೆ ಬಿಸಿ ಮಾಡಿ ಅವಳ ಸೊಂಟಕ್ಕೆ ತಿಕ್ಕತೊಡಗಿದಳು.

"ಜುಲೇಖಾಬಿ, ನಮ್ಮ ಬಾಳವ್ವಕ್ಕನ್ನ ಗಾಡ್ಯಾಗ ಒಯ್ದದ್ದು ನೀವು ನೋಡೀರೇನು?"

"ಯಾವ ಗಾಡಿ?"

"ಸರಕಾರದ ಗಾಡಿ. ಪಿಲೇಗಿನಾಗ."

ತಿಕ್ಕುವ ಕೈ ನಿಂತಿತು. "ಈ ಓಣಿಗೆ ಗಾಡಿ ಬರ್ಲೇ ಇಲ್ಲ ಮಗಳ. ನಮ್ಮ ಮನಿ ಮುದುಕಗ ಏಳಾಕ ಆಗತಿದ್ದಿಲ್ಲ ಅಂತ ಓಣ್ಯಾಗ ಎಲ್ಲಾರಕಿಂತ ಹಿಂದ ಬಿಟ್ಟಾಕಿ ನಾನು. ನಿಮ್ಮವರು ಹೋದ ಮ್ಯಾಲೂ ಎರಡು ದಿನ ಇದ್ದೆ."

"ಖಾಲಿ ಓಣ್ಯಾಗ ನೀವಿಬ್ಬರ?"

"ಖಾಲಿ ಎಲ್ಲಿತ್ತು? ನಿಮ್ಮ ಮನ್ಯಾಗ ಮಗ್ಗ ನಡದಿತ್ತಲ್ಲ. ಬಾಗಲಕ್ಕ ಹೊರಗಿಂದ ಚಿಲಕಾ ಹಾಕಿತ್ತು, ಒಳಗ ದಡ್ ದಡ್ ಅಂತ ಸಪ್ಪಳ. ಸರಕಾರದವರ ಕಣ್ಣ ತಪ್ಪಿಸಿ ಯಾರೋ ಕದ್ದು ನೇಯಾಕ ಹತ್ಯಾರ ಅನಕೊಂಡೆ. ಇಂಥಾದ್ರಾಗೂ ಹೊಟ್ಟಿಪಾಡು ಬಿಡೂದಿಲ್ಲ ನೋಡು ಅಂದೆ ನಮ್ಮ ಮುದುಕಗ."

ಅವಳು ಅಷ್ಟು ಹೇಳಿ ತನ್ನ ಎಣ್ಣೆಗೈಯನ್ನೇ ನೋಡುತ್ತ ಕೂತಳು. ಹೇಳುತ್ತ ಹೇಳುತ್ತ ಅವಳಿಗೇ ಏನೋ ಹೊಳೆದಂತಿತ್ತು. "ನೇಯೂ ಮಗ್ಗದ ಸಪ್ಪಳ ಹಾಂಗ ಇರೂದಿಲ್ಲ, ಅಲ್ಲ?" ಅಂದಳು.

*

ಮಧ್ಯಾಹ್ನದ ಊಟಕ್ಕೆ ಗಾಳೆಪ್ಪ ಕೂತಿದ್ದಾಗ ರೇಣವ್ವ ಅವನ ಗಂಗಾಳಕ್ಕೆ ರೊಟ್ಟಿ ಹಾಕಿ, "ಗಾಡಿ ಬಂದಿರಲಿಲ್ಲ," ಅಂದಳು.

ಅವನು ಮುರಿದ ತುತ್ತನ್ನು ಗಂಗಾಳಕ್ಕೇ ಹಾಕಿ ಎದ್ದುಹೋದ. ಎರಡು ದಿನ ಮನೆಯಲ್ಲಿ ಯಾರೂ ಒಲೆಯ ಬಗ್ಗೆ ಜಗಳವಾಡಲಿಲ್ಲ. ಶಾರವ್ವ ಕಟ್ಟಿಗೆ ತಂದಿಟ್ಟಳು, ನೀರು ತಂದಿಟ್ಟಳು, ರೇಣವ್ವನನ್ನು ಕಣ್ಣೆತ್ತಿ ನೋಡಲಿಲ್ಲ.

ಮೂರನೆಯ ದಿನ ಬಂಡೆಪ್ಪ ಬಂದು, ಹಿಂದಿನ ಬುನಾದಿ ತೋಡಲೇಬೇಕು, ಆಳುಗಳು ಸುಮ್ಮನೆ ಕೂತಿದ್ದಾರೆ ಅಂದ. ಎಲ್ಲರೂ ಜಾಗಕ್ಕೆ ಹೋದರು. ರೇಣವ್ವ ಬೂದಿಯ ಮೊರ ತಂದಿದ್ದಳು. ಎಲ್ಲರೂ ನೋಡುತ್ತಿರುವಂತೆ ನೆಟ್ಟಗೆ ಆ ಬಲಮೂಲೆಗೆ ನಡೆದಳು. ಬೇಸಿಗೆಯ ಬಿಸಿಲಿಗೆ ಉಳಿದ ನೆಲವೆಲ್ಲ ಬಿರಿದಿತ್ತು. ಅಲ್ಲಿ ಮಾತ್ರ ಕಾಲು ಮೆತ್ತಗೆ ಇಳಿಯಿತು. ಅವಳು ಬಗ್ಗಲಾರದೆ ಬಗ್ಗಿ ನಾಲ್ಕೂ ಕಡೆ ಗೆರೆ ಎಳೆದಳು.

"ನನ್ನ ಬಾಣಂತಿ ಕೋಣಿ ಇದು. ತೋಡ್ರಿ ಬಂಡೆಪ್ಪಣ್ಣ."

"ತೋಡಬ್ಯಾಡ," ಅಂದಳು ಸಕ್ರವ್ವ.

"ಯಾಕ ಅಂತ ಹೇಳ್ರಿ ಅತ್ತಿ. ಹೇಳಿದ್ರ ಬಿಡತೇನಿ."

ಮುದುಕಿ ಬುನಾದಿಯ ಕಲ್ಲಿನ ಮೇಲೆ ಕೂತಳು. ಮೊದಲು ಮಾತಾಡಿದವಳು ಶಾರವ್ವ.

ಬಾಳವ್ವನಿಗೆ ತೊಡೆಯ ಸಂದಿಯಲ್ಲಿ ಗಡ್ಡೆ ಎದ್ದದ್ದು ನಿಜ. ಸರಕಾರದವರಿಗೆ ಗೊತ್ತಾದರೆ ಎಲ್ಲರನ್ನೂ ಚಪ್ಪರದಲ್ಲಿ ಕೂಡಿಹಾಕುತ್ತಾರೆ, ಮಗ್ಗ, ನೂಲು, ಹಾಸಿಗೆ ಎಲ್ಲ ಸುಡುತ್ತಾರೆ ಎಂದು ಊರಲ್ಲಿ ಸುದ್ದಿ. ಹಾಗಾಗಿ ಅವಳನ್ನು ಹಿಂದಿನ ಕೋಣೆಯಲ್ಲಿ, ಅವಳ ಮಗ್ಗದ ಪಕ್ಕದಲ್ಲಿ ಮಲಗಿಸಿ, ಒಂದು ಕೊಡ ನೀರಿಟ್ಟು ಉಳಿದವರು ಗುಡ್ಡದ ಕೆಳಗೆ ಹೋದರು. ದಿನಕ್ಕೊಬ್ಬರು ಪಾಳಿಯ ಮೇಲೆ ಮಧ್ಯಾಹ್ನ ರೊಟ್ಟಿ ನೀರು ಒಯ್ಯಬೇಕೆಂದು ಮಾತಾಗಿತ್ತು.

"ಮೊದಲನೇ ದಿನ ನಂದು," ಅಂದ ಗಾಳೆಪ್ಪ. "ಓಣಿ ಬಾಯಾಗ ಸಿಪಾಯಿ ನಿಂತಿದ್ದ. ಬುತ್ತಿ ಜಾಲಿಗಿಡಕ್ಕ ಕಟ್ಟಿ ತಿರಗಿ ಬಂದೆ. ಒಂದ ದಿನ ತಡೀತಾಳ ಅನಕೊಂಡೆ. ಯಾರಿಗೂ ಹೇಳಲಿಲ್ಲ."

ಮುದಕಪ್ಪ ನೆಲ ನೋಡುತ್ತ ಹೇಳಿದ: "ಎರಡನೇ ದಿನ ನಂದು. ಸಣ್ಣಾಕಿಗೆ ಮೈ ಸುಡತಿತ್ತು. ಇಂವ ಜೋಪಡ್ಯಾಗ ಇರಲಿಲ್ಲ, ನನ್ನ ಬದಲಿ ಇಂವ ಹೋಗ್ಯಾನ ಅಂತ ತಿಳದೆ. ಕೇಳಲಿಲ್ಲ. ಕೇಳಿದ್ರ ಹೋಗಬೇಕಾಗತೈತಿ ಅಂತ ಕೇಳಲಿಲ್ಲ."

"ಮೂರನೇ ದಿನ ನಂದು," ಅಂದಳು ಶಾರವ್ವ. "ನನಗ ಅಂಜಿಕಿ ಬಂತು. ಎರಡು ಕೂಸಿನ ತಾಯಿ ನಾನು. ಗುಡ್ಡದ ಹಿಂದ ಹೊತ್ತ ಕಳದು, ರೊಟ್ಟಿ ಅಲ್ಲೆ ಚೆಲ್ಲಿ, ಖಾಲಿ ಅರಿವಿ ಹಿಡಕೊಂಡು ಬಂದೆ. ಹ್ಯಾಂಗದಾಳ ಅಂತ ಅತ್ತಿ ಕೇಳಿದ್ರು. ಉಂಡಳು ಅಂದೆ."

ಬಂಡೆಪ್ಪ ಗುದ್ದಲಿಯನ್ನು ಸಪ್ಪಳವಾಗದಂತೆ ಕೆಳಗಿಟ್ಟ.

"ನಾಕನೇ ದಿನ ನಾ ಹೋದೆ," ಅಂದಳು ಸಕ್ರವ್ವ. "ಆಕಿ ಕುಣ್ಯಾಗ ಇದ್ಲು. ಮಗ್ಗದ ಕುಣ್ಯಾಗ, ಹಲಗಿ ಮ್ಯಾಲೆ ಕಾಲಿಟ್ಟು ಕೂತಿದ್ಲು. ತಂಪಿಗಿ ಇಳದಾಳೋ, ತುಳದು ಸಪ್ಪಳ ಮಾಡಾಕ ಇಳದಾಳೋ. ಕೊಡದಾಗ ಒಂದ ಹನಿ ಇರಲಿಲ್ಲ. ಗಡ್ಡಿ ಒಡದು ಒಣಗಾಕ ಹತ್ತಿತ್ತು. ಬ್ಯಾನಿ ಆಕಿನ್ನ ಬಿಟ್ಟಿತ್ತು. ಜೀವ ಹೋಗಿದ್ದು ನೀರಿಲ್ಲದ." ಅವಳು ಕಲ್ಲಿನ ಮೇಲೆ ಅಂಗೈ ಊರಿದಳು. "ಜ್ವರದ ಗುಂಗಿನಾಗ ಓಣಿಗೆ ಬಂದು ಯಾರ ಕಣ್ಣಿಗಾದ್ರೂ ಬಿದ್ದಾಳಂತ ಹೊರಗಿಂದ ಚಿಲಕಾ ಹಾಕಿದಾಕಿ ನಾನು. ಕುಣಿ ಇತ್ತು. ಅದರಾಗ ಮಣ್ಣ ಹಾಕಿದ್ವಿ."

ರೇಣವ್ವ ತಾನು ಎಳೆದ ಗೆರೆಯೊಳಗೇ ನಿಂತಿದ್ದಳು. ನಿಧಾನವಾಗಿ ಹೊರಗೆ ಬಂದಳು.

"ಕುಳಗೇರಿಗೆ ಹೇಳಿ ಕಳಸ್ರಿ," ಅಂದಳು.

"ಊರಾಗ ನಮ್ಮ ಮಾನ ಉಳೀತೈತೇನು?" ಅಂದ ಮುದಕಪ್ಪ. "ಇದನ್ನ ಹಿಂಗ ಬಿಟ್ಟು ಬ್ಯಾರೆ ಕಡೆ ಜಾಗ ನೋಡೂನು."

"ನಾ ಇದರ ಮ್ಯಾಲೆ ಹಡಿಯೂದಿಲ್ಲ, ಇದನ್ನ ಮುಚ್ಚಿಟ್ಟು ಬ್ಯಾರೆ ಕಡೇನೂ ಹಡಿಯೂದಿಲ್ಲ ಭಾವಾರ. ನೀವು ಯಾರೂ ಹೋಗಲಿಲ್ಲಂದ್ರ ನಾ ನಡಕೋತ ಹೋಗ್ತೇನಿ."

ಮುದಕಪ್ಪ ತಾಯಿಯ ಮುಖ ನೋಡಿದ. ಸಕ್ರವ್ವ ಅವನನ್ನು ನೋಡಲಿಲ್ಲ. "ಗಾಳೆಪ್ಪಾ," ಅಂದಳು, "ನಾಳೆ ಮುಂಜಾನೆ ಹೊಂಡು. ಎಲ್ಲಾರದೂ ಹೇಳು. ನಂದು ಮೊದಲ ಹೇಳು."

*

ನಾಲ್ಕನೆಯ ದಿನ ಬಾಳವ್ವನ ಅಣ್ಣ ದ್ಯಾಮಣ್ಣ ಬಾದಾಮಿಯ ದಾರಿಯಿಂದ ಚಕ್ಕಡಿ ಹೊಡೆದುಕೊಂಡು ಬಂದ. ಐವತ್ತರ ಹತ್ತಿರದ ಮನುಷ್ಯ. ಓಣಿಯವರು ಹೊಡೆದಾಟವಾಗುತ್ತದೆಂದು ಕಟ್ಟೆಗಳ ಮೇಲೆ ಬಂದು ನಿಂತಿದ್ದರು. ಅವನು ದನಿ ಎತ್ತಲಿಲ್ಲ. ಶಾರವ್ವ ತಂದ ನೀರಿನ ಚಂಬನ್ನು ಮುಟ್ಟದೆ, ಅವರನ್ನೆಲ್ಲ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಗೂ ಒಂದೇ ಮಾತು ಕೇಳಿದ.

"ನಿನ್ನ ಪಾಳಿ ಯಾವ ದಿನ?"

ಅವರು ಹೇಳಿದರು. ಜುಲೇಖಾಬಿ ಯಾರೂ ಕೇಳದೆಯೂ ತನ್ನ ಬಾಗಿಲಿನಿಂದ ಇಳಿದುಬಂದು ಸಾಲಿನ ಕೊನೆಗೆ ನಿಂತಳು. "ನಾ ಸಪ್ಪಳ ಕೇಳಿದ್ದೆ ಅಣ್ಣಾ," ಅಂದಳು.

ಆಳುಗಳು ಆ ಮೂಲೆ ಮುಟ್ಟಲು ಒಲ್ಲೆ ಅಂದರು. ದ್ಯಾಮಣ್ಣ ಅಂಗಿ ಕಳಚಿ ತಾನೇ ಗುದ್ದಲಿ ಹಿಡಿದ. ಸ್ವಲ್ಪ ಹೊತ್ತಿಗೆ ಗಾಳೆಪ್ಪ ಇಳಿದ. ಎದೆಯುದ್ದ ತೋಡಿದ ಮೇಲೆ ಮುದಕಪ್ಪನೂ ಇಳಿದ. ಮಣ್ಣು ಕೆಳಗೆ ಹೋದಂತೆ ಹಸಿಯಾಗುತ್ತಿತ್ತು. ಅಲ್ಲಿ ಬಾವಿಯಿರಲಿಲ್ಲ, ಒರತೆಯಿರಲಿಲ್ಲ. ಬಾಳವ್ವ ಕೂತಂತೆಯೇ ಇದ್ದಳು. ಕಾಲಿನ ಎಲುಬು ಹಲಗೆಯ ಮೇಲೆಯೇ ಇತ್ತು. ಹಲಗೆ ನಡುವೆ ಸವೆದು ಸೀಳಿತ್ತು. ಊರು ಬಿಡುವಾಗ ಅದು ಹೊಸ ಹಲಗೆ, ತಾನೇ ತಂದು ಹಾಕಿದ್ದೆ ಎಂದು ಗಾಳೆಪ್ಪ ಆಮೇಲೆ ಹೆಂಡತಿಗೆ ಹೇಳಿದ.

ದ್ಯಾಮಣ್ಣ ತಂಗಿಯನ್ನು ಹೊಸ ಬಿಳಿ ಬಟ್ಟೆಯಲ್ಲಿ ಸುತ್ತಿ ಚಕ್ಕಡಿಯಲ್ಲಿ ಮಲಗಿಸಿದ.

"ನಾನೂ ಬರ್ತೇನಿ," ಅಂದಳು ಸಕ್ರವ್ವ. "ನಿಮ್ಮವ್ವನ ಮುಂದ ನಾ ಹೇಳಬೇಕು."

"ಗಾಡ್ಯಾಗ ಜಾಗ ಇಲ್ಲ," ಅಂದ ದ್ಯಾಮಣ್ಣ.

ಚಕ್ಕಡಿ ಹೊರಟಿತು. ಮುದುಕಿ ಅದರ ಹಿಂದೆ ನಡೆಯುತ್ತ ಹೋದಳು. ಮಕ್ಕಳು ಹಿಡಿದು ನಿಲ್ಲಿಸಲು ಹೋದರೆ ಕೈ ಕೊಡವಿದಳು.

*

ಊರು ಮಾತಾಡಿತು. ಪಂಚರು ಕರೆದು ಛೀಮಾರಿ ಹಾಕಿದರು. ಖಣ ಕೊಳ್ಳುತ್ತಿದ್ದ ಕೆಲವರು ಬಿಟ್ಟರು. ಆದರೂ ಮಳೆ ಯಾರಿಗೂ ಕಾಯುವುದಿಲ್ಲ. ಸಂಗಯ್ಯನವರು ಮತ್ತೆ ಬಂದು ಅಳೆಸಿದಾಗ ಮುದಕಪ್ಪನ ಮೊಳಕ್ಕೆ ಇಪ್ಪತ್ಮೂರು ಬಂತು, ಗಾಳೆಪ್ಪನ ಮೊಳಕ್ಕೆ ಇಪ್ಪತ್ತೈದು. ಬಂಡೆಪ್ಪ ಗೋಡೆ ಎಬ್ಬಿಸಿದ. ಮುದುಕಿ ಬೂದಿಯಲ್ಲಿ ಎಳೆದಂತೆಯೇ ಒಂದು ಪಡಸಾಲೆ, ಎರಡು ನಡುಮನೆ, ಎರಡು ಒಲೆ, ನಡುವೆ ಎರಡು ಬಾಗಿಲಿನ ಸಣ್ಣ ಕೋಣೆ. ಬಲಮೂಲೆಯನ್ನು ಏನೂ ಕಟ್ಟದೆ ಅಂಗಳವಾಗಿ ಬಿಟ್ಟರು. ರೇಣವ್ವ ಜುಲೇಖಾಬಿಯ ಮನೆಯಲ್ಲಿ ಹಡೆಯುವುದೆಂದಾಯಿತು. ಅವಳಿಗೆ ಹೊಟ್ಟೆ ಭಾರವಾದ ಮೇಲೆ ಎರಡೂ ಒಲೆಯ ಅಡಿಗೆ ಶಾರವ್ವನೇ ಮಾಡುತ್ತಿದ್ದಳು.

ಮೃಗಶಿರ ಬಂದರೂ ಆ ವರ್ಷ ಮಳೆ ಬಿದ್ದಿರಲಿಲ್ಲ. ತಾಯಿಯ ಕೋಣೆ ತಯಾರಾಯಿತೆಂದು ಹೇಳಿ ಕರೆತರಲು ಗಾಳೆಪ್ಪ ಕುಳಗೇರಿಗೆ ಹೋದ.

ಸಕ್ರವ್ವ ಕೆರೆಯ ದಾರಿಯಲ್ಲೇ ಸಿಕ್ಕಳು. ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ. ಅರ್ಧ ಆಗಿದ್ದಳು. ಅವನು ಕೊಡ ತೆಗೆದುಕೊಳ್ಳಲು ಹೋದರೆ ಕೊಡಲಿಲ್ಲ.

"ಬಂದ ದಿನದಿಂದ ಇದ ಕೆಲಸ," ಅಂದಳು ದ್ಯಾಮಣ್ಣನ ಹೆಂಡತಿ, ಗಾಳೆಪ್ಪನನ್ನು ಹೊರಗಿನ ಕಟ್ಟೆಯ ಮೇಲೆ ಕೂರಿಸಿ. "ನಾವು ಮಾಡು ಅಂದಿಲ್ಲ, ಬ್ಯಾಡಾನೂ ಅಂದಿಲ್ಲ. ನಮ್ಮತ್ತಿ ಆಕಿ ಕೂಡ ಒಂದ ಮಾತ ಬಿಟ್ಟು ಬ್ಯಾರೆ ಮಾತಾಡೂದಿಲ್ಲ. ನೀರು ಮಾತ್ರ ಆಕಿ ಕೈಲೇನ ಇಸಗೋತಾರ."

"ಯವ್ವಾ, ಕೋಣಿ ಆಗೇತಿ. ಎರಡೂ ಬಾಗಲಾ ಕೂಡ್ಸೇವಿ. ನಡಿ," ಅಂದ ಗಾಳೆಪ್ಪ.

"ಆ ಕೋಣಿ ಗ್ವಾಡಿ ಒಡಿಸಿಬಿಡು," ಅಂದಳು ಸಕ್ರವ್ವ. "ನಡುವ ನಾ ಬ್ಯಾಡ, ಗ್ವಾಡೀನೂ ಬ್ಯಾಡ. ಆ ಮನ್ಯಾಗಿಂದ ಈ ಮನಿ ಕಾಣಬೇಕು. ಯಾರು ಹೋದ್ರು, ಯಾರು ಹೋಗಲಿಲ್ಲ, ಒಬ್ಬರದು ಒಬ್ಬರಿಗೆ ಕಾಣಬೇಕು."

ಒಳಗಿನ ಹೊರಸಿನ ಮೇಲೆ ಬಾಳವ್ವನ ತಾಯಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ಕಣ್ಣು ಕಾಣುತ್ತಿರಲಿಲ್ಲ. ಸಕ್ರವ್ವ ಚಂಬು ತುಂಬಿ ಅವಳ ಕೈಗೆ ಕೊಟ್ಟಳು. ಕುರುಡಿ ಗಟಗಟ ಕುಡಿದು ಚಂಬನ್ನು ಹಿಂದಕ್ಕೆ ಕೊಟ್ಟು ಅಂದಳು: "ಆಕಿಗೆ ಕೊಟ್ಟಿ?"

"ಕೊಡತೇನಿ."

ಸಕ್ರವ್ವ ತುಂಬಿದ ಕೊಡ ಹೊತ್ತು ಹಿತ್ತಲಿನಿಂದ ಹೊಲದ ಬದುವಿಗೆ ನಡೆದಳು. ಗಾಳೆಪ್ಪ ಹಿಂದೆ ಹೋದ. ಬದುವಿನ ಪಕ್ಕದಲ್ಲಿ ಬಾಳವ್ವನನ್ನು ಮಣ್ಣು ಮಾಡಿದ ದಿಬ್ಬವಿತ್ತು. ಮುದುಕಿ ಕೊಡವನ್ನು ದಿಬ್ಬದ ತಲೆಯ ಕಡೆ ಇಟ್ಟು, ಉಣ್ಣುವವರ ಮುಖ ನೋಡಬಾರದೆಂಬಂತೆ ಬೆನ್ನು ತಿರುಗಿಸಿ ಕೂತಳು. ಮಗನಿಗೂ ತಿರುಗಿ ಕೂರಲು ಸನ್ನೆ ಮಾಡಿದಳು. ಅವನು ಕೂತ. ಬಿಸಿಗಾಳಿ ಬೀಸುತ್ತಿತ್ತು. ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಇಬ್ಬರೂ ಹಾಗೇ ಕೂತರು.

ಆಮೇಲೆ ಅವಳು ಎದ್ದು ಕೊಡ ಎತ್ತಿದಳು. ಒಂದೇ ಕೈಯಲ್ಲಿ ಎತ್ತಿದಳು. ಗಾಳೆಪ್ಪ ಬಗ್ಗಿ ನೋಡಿದ. ತಳದಲ್ಲಿ ಒಂದು ಹನಿಯೂ ಇರಲಿಲ್ಲ. ದಿಬ್ಬದ ಸುತ್ತಲಿನ ಮಣ್ಣನ್ನು ಅವನು ಅಂಗೈಯಿಂದ ಮುಟ್ಟಿ ನೋಡಿದ, ಬೆರಳಿನಿಂದ ಕೆದರಿ ನೋಡಿದ. ಮಣ್ಣು ಒಣಗಿತ್ತು, ಕೆದರಿದಷ್ಟೂ ಧೂಳಾಗಿ ಹಾರಿತು.

"ಯವ್ವಾ," ಅಂದ ಅವನು.

"ಏಳು," ಅಂದಳು ಸಕ್ರವ್ವ, ಸಿಂಬಿ ತಲೆಗಿಟ್ಟುಕೊಳ್ಳುತ್ತ. "ಇನ್ನೊಂದ ಕೊಡಾ ತರಬೇಕು. ಇವತ್ತ ಬಿಸಲ ಭಾಳ ಐತಿ."